ಪಿಜಿ ಡಿಪ್ಲೊಮಾ ಮಾಡಿದರೆ ಎಲ್‌ಎಲ್‌ಎಂ ಅರ್ಧ ಮುಗಿದ ಹಾಗೆ ಎನ್ನುವವರಿಗೆ ದುಡ್ಡು ಕಟ್ಟಬೇಡಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಕಿರಿಯ ವಕೀಲರಿಗೆಲ್ಲ ಈಗ ಒಂದು ಫೋನು ಬರುತ್ತಿದೆ. "ಸರ್, ಪ್ರಾಕ್ಟೀಸ್ ಬಿಡೋದು ಬೇಡ, ಮನೇಲೇ ಕೂತು ಸೈಬರ್ ಕಾನೂನಿನ ಪಿಜಿ ಡಿಪ್ಲೊಮಾ ಮಾಡಿ. ಕ್ರೆಡಿಟ್ ಪೂರ್ತಿ ಎಲ್‌ಎಲ್‌ಎಂಗೆ ಹೋಗತ್ತೆ, ನೇರ ಎರಡನೇ ವರ್ಷಕ್ಕೆ ಸೇರಬಹುದು." ಎಲ್‌ಎಲ್‌ಎಂ ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಕ್ರೆಡಿಟ್ ಅಂದರೆ ಓದಿ ಪಾಸಾದ ಪಾಠಕ್ಕೆ ಸಿಗುವ ಲೆಕ್ಕ. ನನಗೂ ಇದೇ ಮಾತು ಹೇಳಿದ್ದರು. ಫೀಸು ಕಟ್ಟಿ, ಡಿಪ್ಲೊಮಾ ಪಾಸಾಗಿ, ಅಂಕಪಟ್ಟಿ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದರೆ ಒಂದು ಕ್ರೆಡಿಟ್ಟನ್ನೂ ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಮಾತು ನಮ್ಮ ಕಡೆ ಸುಲಭವಾಗಿ ನಾಟುತ್ತದೆ. ಎಲ್‌ಎಲ್‌ಎಂ ಅಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ರೂಮು ಮಾಡಬೇಕು, ಸೀನಿಯರ್ ಆಫೀಸು ಬಿಡಬೇಕು, ಅಡಿಕೆ ಕೊಯ್ಲಿಗೆ ಮನೆಯಲ್ಲಿ ಜನ ಇಲ್ಲದಂತಾಗುತ್ತದೆ. ಒಂದು ವರ್ಷ ಉಳಿಯುತ್ತದೆ ಅಂದರೆ ಯಾರಿಗೆ ಬೇಡ?

ಡಿಪ್ಲೊಮಾ ನಡೆಸುವ ಸಂಸ್ಥೆಯವರು ಕಳಿಸಿದ ಪಿಡಿಎಫ್‌ನಲ್ಲಿ ಮೂರು ಮೆಟ್ಟಿಲಿನ ಚಿತ್ರ ಇತ್ತು. ಕೆಳಗೆ ಸರ್ಟಿಫಿಕೇಟ್ 60, ನಡುವೆ ಡಿಪ್ಲೊಮಾ 120, ಮೇಲೆ ಎಲ್‌ಎಲ್‌ಎಂ 180. ಈ ಲೆಕ್ಕ ಸುಳ್ಳಲ್ಲ, ಆದರೆ ಇದು ಬ್ರಿಟನ್ನಿನದು. ಅಲ್ಲಿ ಸ್ನಾತಕೋತ್ತರ ಸರ್ಟಿಫಿಕೇಟಿಗೆ 60, ಡಿಪ್ಲೊಮಾಕ್ಕೆ 120, ಮಾಸ್ಟರ್ಸ್‌ಗೆ 180 ಕ್ರೆಡಿಟ್. ಎಷ್ಟೋ ಕಡೆ ಅದೇ ವಿಶ್ವವಿದ್ಯಾಲಯದೊಳಗೆ ಒಂದರಿಂದ ಇನ್ನೊಂದಕ್ಕೆ ಹತ್ತಬಹುದು. ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲೂ ಸೇರಿಸಿಕೊಳ್ಳುವವರ ನಿಯಮವೇ ನಡೆಯುವುದು. ಆ ಚಿತ್ರವನ್ನು ಎತ್ತಿ ತಂದು ಇಲ್ಲಿನ ಡಿಪ್ಲೊಮಾದ ಪಕ್ಕ ಅಂಟಿಸಿದ್ದಾರೆ, ಅಷ್ಟೇ.

ವಿಶ್ವವಿದ್ಯಾಲಯದ ಕೌಂಟರಿನಲ್ಲಿದ್ದವರು ನನ್ನ ಅಂಕಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಗ್ರೇಡಿನ ಕೋಷ್ಟಕ ಬಿಟ್ಟು ಏನೂ ಇರಲಿಲ್ಲ. "ಇದು ಡಿಪ್ಲೊಮಾ ರೀ. ಎಲ್‌ಎಲ್‌ಎಂ ಬೇಕಂದ್ರ ಅಡ್ಮಿಷನ್ ತಗೊಂಡು ಮೊದಲ ಸೆಮಿಸ್ಟರಿಂದ ಶುರು ಮಾಡ್ರಿ" ಎಂದರು. ಸಿಟ್ಟೇನೂ ಇರಲಿಲ್ಲ, ಇಂಥ ಅಂಕಪಟ್ಟಿ ನೋಡಿ ನೋಡಿ ರೂಢಿಯಾದವರ ದನಿ.

ಸಂಸ್ಥೆಗೆ ಫೋನ್ ಮಾಡಿದೆ. ಸೇರುವಾಗ ದಿನಕ್ಕೆರಡು ಸಲ ಮಾತಾಡುತ್ತಿದ್ದ ಹುಡುಗಿ "ನಿಮ್ಮ ಎಬಿಸಿ ಐಡಿ ಕೊಟ್ರೆ ಆಗೇ ಆಗತ್ತೆ ಸರ್" ಎಂದಳು. ಈ ಎಬಿಸಿ ಹೆಸರು ಹೇಳಿ ತುಂಬ ಜನರ ಬಾಯಿ ಮುಚ್ಚಿಸುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅದು. ನೋಂದಾಯಿತ ಸಂಸ್ಥೆ ಜಮಾ ಮಾಡಿದ ಕ್ರೆಡಿಟ್ ಮಾತ್ರ ಅಲ್ಲಿ ಕೂರುತ್ತದೆ. ನನ್ನ ಖಾತೆ ತೆರೆದು ನೋಡಿದರೆ ಖಾಲಿ. ಜಮಾ ಆಗಿದ್ದರೂ ಅದನ್ನು ಯಾವ ಪದವಿಗೆ ಎಷ್ಟು ಹಿಡಿಯಬೇಕು ಎಂಬುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯದ ಕೈಯಲ್ಲೇ ಇರುತ್ತದೆ. ಇಮೇಲ್ ಮೇಲೆ ಇಮೇಲ್ ಹಾಕಿದ ಮೇಲೆ ಒಂದು ಸಾಲಿನ ಉತ್ತರ ಬಂತು: ಕ್ರೆಡಿಟ್ ಸ್ವೀಕಾರ ಆಯಾ ವಿಶ್ವವಿದ್ಯಾಲಯದ ವಿವೇಚನೆಗೆ ಬಿಟ್ಟದ್ದು. ಈ ಸಾಲು ಪಿಡಿಎಫ್‌ನಲ್ಲಿ ಎಲ್ಲೂ ಇಲ್ಲ.

ನಮ್ಮ ಸೀನಿಯರ್ ಎಲ್ಲ ಕೇಳಿ ಹೇಳಿದ್ದು ಇಷ್ಟೇ: "ಕೊಡವ ಹೇಳಿರೆ ಆಗ್ತಿಲ್ಲೆ ತಮಾ, ತಗಳವ ಹೂಂ ಹೇಳವು." ಅಂದರೆ, ಕೊಡುವವನು ಹೇಳಿದರೆ ಸಾಲದು, ತೆಗೆದುಕೊಳ್ಳುವವನು ಹೂಂ ಅನ್ನಬೇಕು.

ಇಷ್ಟಾದರೂ ಸಂಸ್ಥೆಯವರು ಬಿಡಲಿಲ್ಲ. ಒಂದು ವಾರ ಬಿಟ್ಟು ಅದೇ ಹುಡುಗಿ: "ನಮ್ಮದೇ ಆನ್‌ಲೈನ್ ಎಲ್‌ಎಲ್‌ಎಂ ಇದೆ ಸರ್, ಅದಕ್ಕಾದ್ರೆ ನಿಮ್ಮ ಕ್ರೆಡಿಟ್ ಎಲ್ಲ ಹಿಡೀತೀವಿ." ಮೊದಲಿನದಕ್ಕಿಂತ ಇದು ಅಪಾಯದ್ದು. ಯುಜಿಸಿಯ 2020ರ ನಿಯಮದಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನಿನಲ್ಲಿ ಪದವಿ ಕೊಡಬಾರದ ವಿಷಯಗಳ ಪಟ್ಟಿಯಲ್ಲಿ ಕಾನೂನೂ ಇದೆ. ಒಪ್ಪಿಗೆ ಇಲ್ಲದ ಆನ್‌ಲೈನ್, ದೂರಶಿಕ್ಷಣ, ಹೈಬ್ರಿಡ್ ಎಲ್‌ಎಲ್‌ಎಂಗಳ ಬಗ್ಗೆ ಭಾರತೀಯ ವಕೀಲರ ಪರಿಷತ್ತು 2025ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿದೆ. ಹೆಸರಿನ ಹಿಂದೆ ಮುಂದೆ ‘ಪ್ರೊಫೆಷನಲ್’, ‘ಎಕ್ಸಿಕ್ಯುಟಿವ್’ ಎಂದು ಸೇರಿಸಿದರೂ ಅದು ನಡೆಯುವುದಿಲ್ಲ. ಲೆಕ್ಚರರ್ ಆಗಬೇಕು, ನೆಟ್ (ಲೆಕ್ಚರರ್ ಅರ್ಹತಾ ಪರೀಕ್ಷೆ) ಬರೆಯಬೇಕು, ಪಿಎಚ್‌ಡಿಗೆ ಹೋಗಬೇಕು ಎಂದೇ ಅಲ್ಲವೇ ನಾವು ಎಲ್‌ಎಲ್‌ಎಂ ಮಾಡುವುದು? ಆ ಬಾಗಿಲುಗಳೇ ಮುಚ್ಚಿದರೆ ಪದವಿ ಇಟ್ಟುಕೊಂಡು ಏನು ಮಾಡುವುದು?

ನ್ಯಾಯಕ್ಕೆ ಹೇಳಬೇಕೆಂದರೆ ಪಾಠ ಕೆಟ್ಟದಿರಲಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದರೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ, ವಾಟ್ಸಾಪ್ ಸಂದೇಶ ಹಾಜರು ಮಾಡುವಾಗ ದಿನಾ ಬೇಕಾಗುತ್ತದೆ. ಅಷ್ಟು ಕಲಿತರೆ ಸಾಕು ಎನ್ನುವವರು ಡಿಪ್ಲೊಮಾ ಮಾಡಿ, ತಪ್ಪಿಲ್ಲ. ಎಲ್‌ಎಲ್‌ಎಂ ಕಣ್ಣ ಮುಂದಿದ್ದರೆ ಮಾತ್ರ, ಫೀಸು ಕಟ್ಟುವ ಮೊದಲು ನೀವು ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಕುಲಸಚಿವರಿಗೆ ಡಿಪ್ಲೊಮಾದ ಪಠ್ಯಕ್ರಮ ಲಗತ್ತಿಸಿ ಪತ್ರ ಹಾಕಿ. ಯಾವ ಪೇಪರಿಗೆ ವಿನಾಯಿತಿ, ಎಷ್ಟು ಕ್ರೆಡಿಟ್ ಎಂದು ಲಿಖಿತವಾಗಿ ಬರಲಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರೂ ಹೇಳಿದ್ದಲ್ಲ ಎಂದಾಗುತ್ತದೆ.

ದುಡ್ಡು ವಾಪಸ್ ಬಂದಿಲ್ಲ, ನೋಟಿಸ್ ಕಳಿಸಿದ್ದೇನೆ. ಅದೇ ಮೆಟ್ಟಿಲಿನ ಚಿತ್ರ ನಿಮಗೂ ಬಂದಿದ್ದರೆ ತಿಳಿಸಿ, ಅವರ ಇಮೇಲ್ ಉತ್ತರದ ಪ್ರತಿ ಕಳಿಸಿಕೊಡುತ್ತೇನೆ.