ಹಳೇ ಔಟ್‌ಬೋರ್ಡ್: ಬುಷ್ ಬದಲಿಸುವುದೋ, ಹೊಸ ಪ್ರೊಪೆಲ್ಲರ್ ತರುವುದೋ?

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. 1950–60ರ ದಶಕದ ಅನೇಕ ಸಣ್ಣ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳಲ್ಲಿ ಶಿಯರ್ ಪಿನ್ ಇರುತ್ತದೆ, ಅಂದರೆ ಪ್ರೊಪೆಲ್ಲರನ್ನು ಶಾಫ್ಟ್‌ಗೆ ಜೋಡಿಸುವ, ಜೋರು ಪೆಟ್ಟಿಗೆ ತುಂಡಾಗುವ ಸಣ್ಣ ಪಿನ್. ಮೊದಲು ಅದನ್ನೇ ನೋಡಿ. ಪಿನ್ ಸರಿಯಿದ್ದರೆ ಪ್ರೊಪೆಲ್ಲರಿನ ನಡುವಿನ ಲೋಹದ ಕೊಳವೆಯಿಂದ ಹೊರಗಿನ ಲೋಹದವರೆಗೆ ನೇರ ಗೆರೆ ಎಳೆದು ಒಂದು ಸುತ್ತು ಓಡಿಸಿ. ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಅವೆರಡರ ನಡುವೆ ಕೂತಿರುವ ರಬ್ಬರ್ ಬುಷ್ ಜಾರುತ್ತಿದೆ.

ರೆಕ್ಕೆಗಳು ಚೆನ್ನಾಗಿದ್ದರೆ ನನ್ನ ಮತ ಹೊಸ ಬುಷ್‌ಗೇ. ಆ ಎಂಜಿನ್‌ಗೆಂದೇ ಎರಕ ಹೊಯ್ದ ರೆಕ್ಕೆ ಉಳಿಯುತ್ತದೆ. ಆದರೆ ಸುತ್ತಿಗೆಯಿಂದ ಬಡಿದು ಕೂರಿಸುವ ಕೆಲಸವಲ್ಲ. ಹೈಡ್ರಾಲಿಕ್ ಪ್ರೆಸ್ ಬೇಕು. ಒಳಗೆ ಜಾರಿಸಲು ಸೋಪಿನ ನೀರು ಸಾಕು. ಗ್ರೀಸ್ ಹಚ್ಚಿದರೆ ರಬ್ಬರ್ ಮತ್ತೆ ಜಾರುತ್ತದೆ, ಬೇಗ ಹಾಳಾಗುತ್ತದೆ.

ರೆಕ್ಕೆ ಮುಕ್ಕಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದೇ ತನ್ನಿ. ಖರ್ಚು ಹೆಚ್ಚು, ಕೆಲಸ ಅರ್ಧ ಗಂಟೆಯದು. ವ್ಯಾಸ, ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ), ಶಾಫ್ಟ್‌ನ ಅಳತೆ ಮೂರೂ ಹೊಂದಬೇಕು.

ಬುಷ್ ಹಾಕುವ ಬದಲು ಒಳಗಿನ ಕೊಳವೆಯನ್ನೇ ಹೊರಗಿನ ಲೋಹಕ್ಕೆ ವೆಲ್ಡಿಂಗ್ ಮಾಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. ರೆಕ್ಕೆ ಬಂಡೆಗೆ ತಗುಲಿದಾಗ ಆ ಪೆಟ್ಟು ತಿನ್ನುವುದು ರಬ್ಬರ್. ಅದಿಲ್ಲದಿದ್ದರೆ ಪೆಟ್ಟು ನೇರ ಗೇರಿಗೆ, ಹಳೇ ಎಂಜಿನ್ನಿನ ಗೇರು ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ.