ನೋವಿಗೆ ಎರಡು ಕ್ರೈಸ್ತ ಉತ್ತರ: ಅಗಸ್ಟೀನ್ ಅಥವಾ ಐರೇನಿಯಸ್?

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನ ಚರ್ಚ್‌ಗಳಲ್ಲಿ ಜನ ಸೇರಿದ್ದಾಗಲೇ ಭೂಮಿ ನಡುಗಿತು. ಆಮೇಲೆ ಸಮುದ್ರ ಉಕ್ಕಿತು, ಬೆಂಕಿ ಹತ್ತಿತು. ಪ್ರಾರ್ಥನೆಗೆ ಬಂದವರೂ ಸತ್ತರು. ದೇವರು ಯಾಕೆ ತಡೆಯಲಿಲ್ಲ?

ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ (354–430) ಪ್ರಕಾರ, ದೇವರು ಮಾಡಿದ್ದೆಲ್ಲ ಒಳ್ಳೆಯದೇ. ಕೆಡುಕು ಅಂದರೆ ಒಳ್ಳೆಯದರ ಕೊರತೆ. ಮನುಷ್ಯ ತನ್ನ ಸ್ವಾತಂತ್ರ್ಯವನ್ನು ತಪ್ಪಾಗಿ ಬಳಸಿದ, ಲೋಕ ಕೆಟ್ಟಿತು. ಯುದ್ಧ, ಮೋಸ, ಕೊಲೆಗೆ ಈ ಉತ್ತರ ಚೆನ್ನಾಗಿ ಹೊಂದುತ್ತದೆ. ಭೂಕಂಪದಲ್ಲಿ ಸತ್ತ ಮಗುವಿನ ವಿಷಯ? ಅಲ್ಲಿ ನಾನು ತಡವರಿಸುತ್ತೇನೆ. ಆ ಮಗು ಏನು ಮಾಡಿತ್ತು, ಅಲ್ವಾ?

ಎರಡನೇ ಶತಮಾನದಲ್ಲಿ ಈಗಿನ ಫ್ರಾನ್ಸ್‌ನ ಲಿಯಾನ್ ನಗರದ ಬಿಷಪ್ ಆಗಿದ್ದ ಐರೇನಿಯಸ್ ದಾರಿ ಬೇರೆ. ಮನುಷ್ಯ ಇನ್ನೂ ಎಳೆಯ, ನಿಧಾನವಾಗಿ ಬೆಳೆಯಬೇಕು. ಕಷ್ಟವೂ ಆ ಬೆಳವಣಿಗೆಯ ಭಾಗ. ಕಾಯಿಲೆಯಿಂದ ಎದ್ದು ಬಂದವರಿಗೆ ಇದು ಬಲ ಕೊಡುತ್ತದೆ. ಸಾವಿನ ಮನೆಯಲ್ಲಿ ಮಾತ್ರ ಹೇಳಬೇಡಿ, ಗಾಯಕ್ಕೆ ಉಪ್ಪು ಸವರಿದಂತೆ.

ಆರಿಸಲೇಬೇಕೆಂದರೆ ನಾನು ಐರೇನಿಯಸ್ ಕಡೆ. ಆದರೆ ಯಾವುದನ್ನು ಹಿಡಿದರೂ ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 13ನೇ ಅಧ್ಯಾಯ ಓದಿ. ಜೆರುಸಲೇಮಿನ ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರೇನು ಬೇರೆಯವರಿಗಿಂತ ಜಾಸ್ತಿ ತಪ್ಪು ಮಾಡಿದವರಲ್ಲ ಅಂತ ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದರು. ಸುಮ್ನೆ ಯಾರನ್ನೂ ದೂರುವ ಹಕ್ಕು ನಮಗಿಲ್ಲ.