ಕಾನಾಡುಕಾತ್ತಾನ್‌ನ ಚೆಟ್ಟಿಯಾರ್ ಮನೆಯಲ್ಲಿ ಒಂದು ವೀಕೆಂಡ್

ತಮಿಳುನಾಡಿನ ಕಾರೈಕುಡಿ ಹತ್ತಿರದ ಕಾನಾಡುಕಾತ್ತಾನ್‌ನಲ್ಲಿ, ಈಗ ಹೋಟೆಲ್ ಆಗಿರುವ ವ್ಯಾಪಾರಿ ಸಮುದಾಯವಾದ ಚೆಟ್ಟಿಯಾರರ ಹಳೇ ಮನೆಯೊಂದರಲ್ಲಿ ಇದ್ದು ಬಂದೆವು. ಮನೆ ನೋಡೋಕೆ ಅಂತಲೇ ಹೋಗಬೇಕು. ಬರ್ಮಾ ತೇಗದ ಕಂಬಗಳು, ಬಾಗಿಲ ಮೇಲೆ ಲಕ್ಷ್ಮಿ ಕೆತ್ತನೆ, ಒಳಗೆ ಒಂದರ ಹಿಂದೆ ಒಂದು ತೊಟ್ಟಿ ಅಂಗಳ. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ಬಾಗಿಲವರೆಗೂ ಕಾಣುತ್ತದೆ. ಗೋಡೆಗೆ ಸುಣ್ಣದ ಜೊತೆ ಮೊಟ್ಟೆಯ ಬಿಳಿ ಬೆರೆಸಿದ ಗಾರೆ. ಮುಟ್ಟಿದರೆ ನುಣ್ಣಗೆ, ತಣ್ಣಗೆ.

ನೆಲಕ್ಕೆ ಆತಂಗುಡಿ ಟೈಲ್ಸ್. ಆ ಊರು ಹತ್ತಿರವೇ ಇದೆ, ಹೋಗಿ ಬನ್ನಿ. ಗಾಜಿನ ಮೇಲೆ ಲೋಹದ ಅಚ್ಚು ಇಟ್ಟು, ಅದರೊಳಗೆ ಬಣ್ಣದ ಸಿಮೆಂಟ್ ಸುರಿಯುತ್ತಾರೆ. ಅಚ್ಚು ತೆಗೆದು, ಮೇಲೆ ಮರಳು-ಸಿಮೆಂಟ್ ಹಾಕಿ ಒತ್ತಿ, ಆಮೇಲೆ ನೀರಲ್ಲಿ ನೆನೆಹಾಕುತ್ತಾರೆ. ಸುಡೋ ಕೆಲಸವೇ ಇಲ್ಲ! ಆ ಹೊಳಪೆಲ್ಲ ಗಾಜಿನದೇ. ನಾನಂತೂ ಅಲ್ಲೇ ಕೂತುಬಿಟ್ಟೆ, ಮನೆಯವರು ಕಾರಿನಿಂದ ಹಾರ್ನ್ ಹೊಡೆದಿದ್ದೇ ಹೊಡೆದಿದ್ದು.

ಊಟ ಬಾಳೆ ಎಲೆಯಲ್ಲಿ. ಕೋಳಿ ಸಾರಲ್ಲಿ ಕಲ್ಲುಹೂವಿನ ಘಮ ಚೆನ್ನಾಗಿತ್ತು, ಖಾರ ಸ್ವಲ್ಪ ಜಾಸ್ತಿ. ಕಪ್ಪಕ್ಕಿಯ ಸಿಹಿ, ಅವರ ಕವುಣಿ ಅರಿಸಿ, ಬಿಡಬೇಡಿ.

ರೂಮು ಮಾತ್ರ ಅಷ್ಟಕ್ಕಷ್ಟೆ. ಬಿಸಿನೀರು ಬರೋಷ್ಟರಲ್ಲಿ ಅರ್ಧ ಬಕೆಟ್ ತಣ್ಣೀರು ಚರಂಡಿ ಪಾಲು. ಎಸಿ ರಾತ್ರಿಯೆಲ್ಲ ಗುರ್ ಅಂತಿತ್ತು. ಹೇಳಿದರೆ ಮ್ಯಾನೇಜರ್ ನಕ್ಕು "ಹಳೇ ಮನೆ ಸಾರ್" ಅಂದರು. ಎಸಿನೂ ಹಳೇದೇ ಇರಬೇಕಾ? ಆ ರೇಟಿಗೆ ಇದು ಸರಿಯಲ್ಲ. ಮೆಟ್ಟಿಲು ತುಂಬಾ ಕಡಿದಾಗಿವೆ, ಮಂಡಿನೋವು ಇರುವವರು ಕೆಳಗಿನ ರೂಮೇ ಕೇಳಿ. ಏಪ್ರಿಲ್-ಮೇನಲ್ಲಿ ಮಾತ್ರ ಬೇಡ, ಬಿಸಿಲಿಗೆ ಬೆಂದುಹೋಗ್ತೀರಿ.